ಅಂಚೆಚೀಟಿಯ ಬೆನ್ನು

ಇಪ್ಪತ್ತಮೂರು ಕಾಗದ. ಇಪ್ಪತ್ತಮೂರಕ್ಕೂ
ಬಲಮೂಲೆಯಲ್ಲೊಂದು ಚೌಕ ತೂತು.
ಕತ್ತರಿ ನನ್ನದು. ಆಗ ನನಗೆ ಒಂಬತ್ತು.

ಬ್ರೆಮರ್‌ಹಾಫೆನ್, ಅರವತ್ತೊಂದನೆಯ ಇಸವಿ.
ಮೂರನೆಯ ಮಹಡಿಯ ಇರ್ಮ್‌ಟ್ರಾಟ್ ಫೋಸ್‌ಬರ್ಗ್
ಹಗಲೆಲ್ಲ ಕಾರ್ಖಾನೆಯಲ್ಲಿ ಹೆರಿಂಗ್ ಮೀನಿನ ತಲೆ ತರಿದು
ಸಂಜೆ ಮೂರು ಸಲ ಸೋಪು ಹಚ್ಚಿ ಕೈ ತೊಳೆದು
ಉಪ್ಪಿನಕಾಯಿ ಭರಣಿಗಳ ಮುಂದೆ ಕೂರುತ್ತಿದ್ದಳು.
ಗಾಜಿನೊಳಗೆ, ಕಿರುಬೆರಳಿಗಿಂತ ಗಿಡ್ಡ,
ಕೆಂಪು ಬಾಲ, ನೀಲಿ ಹುರುಪೆ.
"ಇವು ಸತ್ತುಹೋದರೆ?"
"ಸಾಯ್ತಾವೆ, ವರ್ಷ ತುಂಬೋದಿಲ್ಲ. ಅದಕ್ಕೇ ಅಂಚೆ ಇರೋದು."

ಅಂಚೆ ಬರುತ್ತಿದ್ದುದು ಟಾಂಗನೀಕದಿಂದ.
ರುವು ಸ್ಟೇಷನ್ನಿನ ಸಿಗ್ನಲ್ ಗುಮಾಸ್ತ ಸಾಲುಮ್ ಕಿಬ್ವಾನ
ಹಳಿಯ ಪಕ್ಕದ ಹೊಂಡ ಬತ್ತುವ ಮುಂಚೆ
ಸೊಳ್ಳೆಪರದೆಯ ಚೂರಿನಲ್ಲಿ ಮೀನು ಗೋರಿ,
ಇವಳೇ ಕಳಿಸಿದ ಪೀಟ್ ಮಣ್ಣಿನಲ್ಲಿ ಮೊಟ್ಟೆ ಇಡಿಸಿ,
ಹಿಂಡಿ, ಹೊಗೆಸೊಪ್ಪಿನ ಹದಕ್ಕೆ ಆರಿಸಿ,
ತಗಡಿನ ಡಬ್ಬಿಯಲ್ಲಿ ಹಡಗು ಹತ್ತಿಸುತ್ತಿದ್ದ.
ಕಾಗದ ಬೇರೆ. ಅದು ವಿಮಾನದಲ್ಲಿ, ಮುಂಚೆ.

"ಮಾನ್ಯರೇ, ಕಿಲ್ಲಿ ಎಂಬ ಹೆಸರಿಗೆ ನೀವು ಹೆದರುವವರಲ್ಲ.
ನಮ್ಮ ಸ್ಟೇಷನ್ ಮಾಸ್ತರರು ಹೆದರಿದ್ದಾರೆ.
ಕೊಲ್ಲುವ ಮೀನನ್ನು ಸರಕಾರಿ ಬಕೆಟ್ಟಿನಲ್ಲಿ ಇಡಕೂಡದಂತೆ.
ಡಬ್ಬಿಯ ಮೇಲೆ ಚಹಾ ಎಂದು ಬರೆಯೋಣವೆಂದಿದ್ದೆ.
ಸುಳ್ಳು ಬರೆದರೆ ಮೊಟ್ಟೆ ಒಡೆಯುವುದಿಲ್ಲ ಅಂದಳು ಹೆಂಡತಿ.
ಮಣ್ಣು ಎಂದೇ ಬರೆದಿದ್ದೇನೆ.
ಮಣ್ಣಿಗೆ ಯಾರು ಸುಂಕ ಕೇಳುತ್ತಾರೆ?"

ಇಂಗ್ಲಿಷು ಬರುತ್ತಿದ್ದುದು ನಮ್ಮಪ್ಪನಿಗೆ ಮಾತ್ರ,
ಅಪ್ಪ ಮೀನುದೋಣಿಯಿಂದ ಮನೆಗೆ ಬರುತ್ತಿದ್ದುದು
ಮೂರು ವಾರಕ್ಕೊಮ್ಮೆ.
ಅಷ್ಟರಲ್ಲಿ ನನ್ನ ಕತ್ತರಿ.
ಮೂರು ಮಹಡಿ ಇಳಿದು ಹತ್ತಿ ಅಂಚೆ ತಂದದ್ದಕ್ಕೆ
ಚೀಟಿ ನನ್ನ ಕೂಲಿ, ಮಾತಾಗಿತ್ತು.
ಅವನೋ, ಹಾಳೆಯ ಒಳಮೈಯಲ್ಲಿ
ಇರುವೆ ನುಸುಳುವಷ್ಟೂ ಜಾಗ ಬಿಡದವನು.

"ನೀರು ಹಾಕುವ ಮುನ್ನ ಸರಿಯಾಗಿ"
ಅಲ್ಲಿ ನಿಲ್ಲಿಸಿ, ಅಪ್ಪ
ತೂತಿನೊಳಗಿಂದ ನನ್ನನ್ನು ನೋಡಿದ.
ತೂತಿನ ಆಚೆ ದಡದಲ್ಲಿ
"ವಾರ ಕಾಯಿರಿ."

ಅವಳು ಬೈಯಲಿಲ್ಲ. "ಆರು ಇರಬಹುದು" ಅಂದಳು.
ಆರಕ್ಕೆ ನೀರು ಹೊಯ್ದಳು. ಏನಿಲ್ಲ.
ಬಸಿದು, ಹಿಂಡಿ, ಮತ್ತೆ ಆರಿಸಿ,
ಡಬ್ಬಿಯ ಮೇಲೆ ಸೀಸದಕಡ್ಡಿಯಲ್ಲಿ ತಾರೀಕು.
ಹತ್ತಕ್ಕೆ. ಏನಿಲ್ಲ.
ಕೇಳಿ ಬರೆದಳು. ಉತ್ತರ ದಾರಿಯಲ್ಲೆಲ್ಲೋ ಇಳಿದುಹೋಯಿತು.
ಹದಿನೇಳನೆಯ ವಾರದ ಭಾನುವಾರ
ಚರ್ಚಿಗೆ ಹೊರಟವಳು, ತಲೆಯ ಮೇಲೆ ಟೋಪಿ ಹಾಗೇ,
ಮೆಟ್ಟಿಲ ತುದಿಯಿಂದ ಕೂಗಿದಳು: "ಹಿನ್ನೆರ್ಕ್!"
ಭರಣಿಯ ಕಂದು ನೀರಿನ ತುಂಬ
ಮಿಸುಕುವ ಅಲ್ಪವಿರಾಮಗಳು.

ಚಳಿಗಾಲದ ಕಾಗದದಲ್ಲಿ ಬೇರೆಯೇ ಸುದ್ದಿ:
ಸ್ವಾತಂತ್ರ್ಯ ಬಂತು, ಬಡ್ತಿ ಬಂತು,
ದೊದೋಮಕ್ಕೆ ವರ್ಗ, ಅಲ್ಲಿ ಸ್ಟೇಷನ್ ದೊಡ್ಡದು,
ಹೊಂಡವಿಲ್ಲ.
ಆಮೇಲೆ ಎರಡು. ಆಮೇಲೆ ಇಲ್ಲ.

ಅವಳು ಹೋಗಿ ಇಪ್ಪತ್ತು ವರ್ಷ.
ಮೊನ್ನೆ ಅವಳ ಅಕ್ಕನ ಮಗಳು ಈ ಕಟ್ಟನ್ನು ತಂದು
"ನಿಮ್ಮ ತೂತುಗಳು, ನೀವೇ ಇಟ್ಟುಕೊಳ್ಳಿ" ಅಂದಳು.

ರಾತ್ರಿ ಆಲ್ಬಮ್ ತೆಗೆದೆ.
ಐದು ಚೀಟಿ ಶಾಲೆಯಲ್ಲೇ ಚಾಕೊಲೇಟಿಗೆ ಹೋಗಿವೆ,
ಅಲ್ಲಿ ಏನಿತ್ತೋ ಯಾವ ಹುಡುಗ ಬಲ್ಲ.
ಉಳಿದವನ್ನು ಚಿಮಟದಲ್ಲಿ ಒಂದೊಂದಾಗಿ ಎತ್ತಿದೆ.
ಸಿಂಹದ ಬೆನ್ನಿಗೆ "ಮಗಳಿಗೆ ಜ್ವರ".
ಹಾಯಿದೋಣಿಯ ಬೆನ್ನಿಗೆ "ಚೀಟಿ ಕೂಡಿಸುವ ಹುಡುಗನಿಗೆ ಸಲಾ".
ಜಿರಾಫೆಯ ಬೆನ್ನಿಗೆ, ನೀಲಿ ಶಾಯಿ, ಇನ್ನೂ ಮಾಸದೆ:
"ಹದಿನಾರು ಹದಿನೇಳು. ಅವಸರವಾದರೆ
ಒಣಗಿಸಿ ಮತ್ತೆ ನೆನೆಸಿ, ಕೋಪಿಸಿಕೊಳ್ಳವು."

ಗೋಂದು ಹಚ್ಚಿ ಜಿರಾಫೆಯನ್ನು ಅದರ ತೂತಿಗೆ ಕೂರಿಸಿದೆ.
ಅಂಚು ಕೂಡಲಿಲ್ಲ.
ಒಂದು ಅಕ್ಷರದಷ್ಟು ಸಂದು.
ಅಷ್ಟನ್ನು ಕತ್ತರಿ ತಿಂದಿದೆ.